ಸೈಕಲ್‌ನಲ್ಲಿ ಹಳೇ ಓಣಿ ಸುತ್ತೋರು ಬನ್ನಿ: ಎಲ್ಲಿ ಇಳಿದಿರಿ, ಏನು ಕಂಡಿರಿ?

ಓಣಿಗುಬ್ಬಿ:

ನಮಸ್ಕಾರ ಎಲ್ಲರಿಗೂ. ಮೂರು ವರ್ಷದಿಂದ ವಾರಕ್ಕೊಂದು ಬೆಳಗ್ಗೆ ಸೈಕಲ್ ಹತ್ತಿ ಊರಿನ ಹಳೇ ಭಾಗಕ್ಕೆ ಹೋಗ್ತಿದ್ದೀನಿ. ಎಷ್ಟು ಕಿಲೋಮೀಟರ್ ಆಯ್ತು ಅಂತ ಬರೆದಿಡೋದನ್ನ ಮೊದಲ ವರ್ಷವೇ ಬಿಟ್ಟೆ. ಈಗ ಎಲ್ಲೆಲ್ಲಿ ಇಳಿದೆ ಅನ್ನೋದನ್ನ ಬರೆದಿಡ್ತೀನಿ.

ಹಳೇ ಓಣಿ ನೋಡೋಕೆ ಸೈಕಲ್‌ನಷ್ಟು ಒಳ್ಳೇ ಜೊತೆ ಇನ್ನೊಂದಿಲ್ಲ. ನಡೆದರೆ ಗಂಟೆಗೆ 4-5 ಕಿಲೋಮೀಟರ್, ಆರಾಮಾಗಿ ಪೆಡಲ್ ತುಳಿದರೆ 12ರಿಂದ 15. ದೂರ ಮೂರು ಪಟ್ಟು ಅಷ್ಟೇ ಅನ್ನಿಸುತ್ತೆ. ಆದ್ರೆ ಎಲ್ಲ ದಿಕ್ಕಿಗೂ ಮೂರು ಪಟ್ಟು ಹೋಗಬಹುದಾದ್ರೆ ಕೈಗೆಟುಕೋ ಜಾಗ ಒಂಬತ್ತು ಪಟ್ಟಾಗುತ್ತೆ. ಕಾರು, ಬೈಕಿನಲ್ಲಿ ಇನ್ನೂ ದೂರ ಹೋಗಬಹುದು ನಿಜ, ಆದ್ರೆ ಏನೋ ಕಣ್ಣಿಗೆ ಬಿತ್ತು ಅನ್ನೋಷ್ಟರಲ್ಲಿ ಅದು ನೂರು ಅಡಿ ಹಿಂದೆ ಹೋಗಿರುತ್ತೆ. ನಿಲ್ಲಿಸೋಕೆ ಜಾಗ ಹುಡುಕಬೇಕು, ಹಿಂದಿನವರು ಹಾರ್ನ್ ಹೊಡೀತಾರೆ, ಸಾಕಪ್ಪ ಅಂತ ಮುಂದೆ ಹೋಗ್ತೀವಿ. ಸೈಕಲ್‌ನಲ್ಲಿ ಕಾಲು ಕೆಳಗಿಟ್ಟರೆ ಮುಗೀತು. ಇನ್ನೊಂದು ವಿಷಯ ಕಿವಿದು. ಸಂದಿಗೊಂದಿ ಒಳಗೆ ಹೋದ ಹಾಗೆ ದೊಡ್ಡ ರಸ್ತೆಯ ಸದ್ದು ಎಲ್ಲಿ ಕಡಿಮೆಯಾಯ್ತು, ಎಲ್ಲಿ ಪೂರ್ತಿ ನಿಂತಿತು ಅಂತ ಗೊತ್ತಾಗುತ್ತೆ. ಅದು ನಿಂತ ಕಡೆ ನಾನು ಇಳೀತೀನಿ.

ಇವತ್ತು ಬರೆಯೋಕೆ ಕಾರಣ ಒಂದು ಕಲ್ಲು. ಹೋದ ವಾರ ಒಂದು ಓಣಿಗೆ ಹೊಕ್ಕೆ. ಎರಡೂ ಕೈ ಚಾಚಿದ್ರೆ ಎರಡೂ ಕಡೆ ಗೋಡೆ ಸಿಗುತ್ತೆ, ಅಷ್ಟು ಕಿರಿದು. ತಿರುವಿನಲ್ಲಿ ಎಡಗಡೆ ಪೆಡಲ್ ಟಣ್ ಅಂತ ಏನಕ್ಕೋ ಬಡೀತು. ಇಳಿದು ನೋಡಿದ್ರೆ ಮನೆಯ ಮೂಲೆಗೆ ಆನಿಸಿ ನೆಟ್ಟ ಕಲ್ಲು. ಮೊಣಕಾಲಿಗಿಂತ ಸ್ವಲ್ಪ ಕೆಳಗೆ ಬರುತ್ತೆ, ತಲೆ ದುಂಡಗಿದೆ, ಬುಡ ಅಗಲವಾಗಿ ರಸ್ತೆ ಕಡೆಗೆ ಚಾಚಿದೆ. ಹೊರಮೈಯಲ್ಲಿ ಒಂದು ಗೇಣುದ್ದ ಕಲ್ಲು ಸವೆದು ತಗ್ಗಾಗಿದೆ. ಉಳಿದ ಕಡೆಯೆಲ್ಲ ಉಳಿ ಗುರುತು ಒರಟೊರಟಾಗಿ ಹಾಗೇ ಇದೆ, ಆ ತಗ್ಗು ಮಾತ್ರ ಕೈ ಜಾರುವಷ್ಟು ನುಣುಪು. ಎರಡು ಬೆರಳು ಜೋಡಿಸಿ ಇಟ್ಟರೆ ಸರಿಯಾಗಿ ಕೂರುತ್ತೆ.

ಅದೇ ಮನೆಯ ಗೋಡೆಯಲ್ಲಿ, ಮೊದಲ ಮಹಡಿ ಮಟ್ಟಕ್ಕೆ, ಊಟದ ತಟ್ಟೆಯಷ್ಟಗಲ ಕಬ್ಬಿಣದ ಬಿಲ್ಲೆ ಇದೆ. ನಡುವೆ ದಪ್ಪ ನಟ್ಟು. ಅದರಿಂದ ತುಕ್ಕಿನ ನೀರು ಇಳಿದು ಗೋಡೆ ಮೇಲೆ ಕೆಂಪು ಗೀರು ಬಿದ್ದಿದೆ. ಇವೆರಡೂ ಏನು? ಗೊತ್ತಿರೋರು ಹೇಳಿ. ನೀವೂ ಇಳಿದು ಕಂಡದ್ದನ್ನ ಬರೀರಿ.


ಗಾರೆಕೈ:

ಹಳೇ ಕಟ್ಟಡ ದುರಸ್ತಿ ಮಾಡಿಸೋದೇ ನನ್ನ ಕೆಲಸ, ಹಾಗಾಗಿ ಇದಕ್ಕೆ ಉತ್ತರ ಕೊಡದೆ ಇರೋಕಾಗಲ್ಲ.

ಕಲ್ಲು ಗಾಡಿಗಳಿಂದ ಮೂಲೆ ಕಾಯೋಕೆ ಇಟ್ಟಿದ್ದು. ಗಾಡಿ ಚಕ್ರದ ಗುಂಬ, ಅಂದ್ರೆ ನಡುವಿನ ದಪ್ಪ ಭಾಗ, ಚಕ್ರಕ್ಕಿಂತ ಹೊರಗೆ ಚಾಚಿರುತ್ತೆ. ಕಿರಿದಾದ ತಿರುವಿನಲ್ಲಿ ಆ ಗುಂಬ ಮನೆ ಮೂಲೆಗೆ ಉಜ್ಜಿದ್ರೆ ಇಟ್ಟಿಗೆ ಎದ್ದು ಹೋಗುತ್ತೆ. ಅದಕ್ಕೇ ಬುಡ ಅಗಲ ಮಾಡಿ ಓರೆಯಾಗಿ ಕಲ್ಲು ನೆಡೋದು. ಚಕ್ರ ಮೊದಲು ಕಲ್ಲಿಗೆ ತಾಗಿ, ಓರೆಯಲ್ಲಿ ಜಾರಿ ರಸ್ತೆಗೇ ವಾಪಸ್ ಬರುತ್ತೆ. ನಿಮ್ಮ ಬೆರಳು ಕೂತ ತಗ್ಗು ಚಕ್ರದ ಕಬ್ಬಿಣದ ಪಟ್ಟಿ ಸವೆಸಿದ್ದು. ಗಾಡಿ ಓಡಾಡಿದ ಹಳೇ ಊರು ಯಾವ ದೇಶದ್ದಾದರೂ ಇಂಥ ಕಲ್ಲು ಹುಡುಕಿದ್ರೆ ಸಿಗುತ್ತೆ. ಮೊಣಕಾಲಿಗಿಂತ ಕೆಳಗೆ ಅಂದ್ರಲ್ಲ, ಮೊದಲು ಇನ್ನೂ ಎತ್ತರ ಇದ್ದಿರಬೇಕು. ಟಾರಿನ ಮೇಲೆ ಟಾರು ಹಾಕಿ ರಸ್ತೆ ಮೇಲೆ ಬಂದಿರುತ್ತೆ. ಪಕ್ಕದ ಮನೆ ಮೆಟ್ಟಿಲು ನೋಡಿ. ಕೆಳಗಿನ ಮೆಟ್ಟಿಲು ಉಳಿದವಕ್ಕಿಂತ ಗಿಡ್ಡ ಇದ್ದರೆ ಎಷ್ಟು ಹೂತಿದೆ ಅಂತ ಅಲ್ಲೇ ಲೆಕ್ಕ ಸಿಗುತ್ತೆ.

ಬಿಲ್ಲೆ ವಿಷಯ ಇನ್ನೂ ಮುಖ್ಯ. ಅದು ಅಲಂಕಾರ ಅಲ್ಲ. ಗೋಡೆ ಹೊರಗೆ ಉಬ್ಬೋಕೆ ಶುರುವಾದಾಗ ಕಟ್ಟಡದ ಈ ಗೋಡೆಯಿಂದ ಆ ಗೋಡೆಗೆ ಕಬ್ಬಿಣದ ಸರಳು ಹಾಯಿಸಿ, ಎರಡೂ ತುದಿಗೆ ಬಿಲ್ಲೆ ಇಟ್ಟು ನಟ್ಟು ಬಿಗೀತಾರೆ. ಕೆಲವು ಕಡೆ ದುಂಡಗೆ, ಕೆಲವು ಕಡೆ ಗುಣಾಕಾರದ ಗುರುತಿನ ಹಾಗೆ ಅಡ್ಡಪಟ್ಟಿ. ಸರಳನ್ನ ಕಾಯಿಸಿ, ಅದು ಉದ್ದ ಆದಾಗ ನಟ್ಟು ಬಿಗಿದು, ತಣ್ಣಗಾಗೋಕೆ ಬಿಡೋ ಪದ್ಧತಿಯೂ ಇತ್ತು. ತಣ್ಣಗಾಗ್ತಾ ಸರಳು ಕುಗ್ಗಿ ಎರಡೂ ಗೋಡೆ ಒಳಗೆ ಎಳೆಯುತ್ತೆ. ಗಾಡಿ ಚಕ್ರಕ್ಕೆ ಪಟ್ಟಿ ಕಾಯಿಸಿ ಹಾಕೋದೂ ಇದೇ ಲೆಕ್ಕ. ಅಂದ್ರೆ ನೀವು ನಿಂತ ಮೂಲೆಯಲ್ಲಿ ಒಂದೇ ವಿದ್ಯೆ ಎರಡು ಕಡೆ ಗುರುತು ಬಿಟ್ಟಿರಬಹುದು.

ಒಂದು ಕೆಲಸ ಮಾಡಿ. ಆ ಮನೆಯ ಹಿಂದಿನ ಓಣಿಗೆ ಹೋಗಿ ಅದೇ ಎತ್ತರದಲ್ಲಿ ಜೋಡಿ ಬಿಲ್ಲೆ ಇದೆಯಾ ನೋಡಿ. ಇರಲೇಬೇಕು.


ನಡಿಗೆಯವಳು:

ಓಣಿಗುಬ್ಬಿ ಅವರೇ, ಬರೆದದ್ದು ಇಷ್ಟ ಆಯ್ತು, ಆದ್ರೆ ಒಪ್ಪೋಕೆ ಆಗ್ತಿಲ್ಲ. ಪೆಡಲ್ ಬಡಿಯದಿದ್ರೆ ನೀವು ಆ ಕಲ್ಲನ್ನ ನೋಡ್ತಿರಲಿಲ್ಲ. ನಡೆಯೋರು ಅದರ ಮೇಲೆ ಕೂತು ನೀರು ಕುಡೀತಿದ್ರು! ಇಷ್ಟು ಕಿರಿದಾದ ಜಾಗದಲ್ಲಿ ಮಕ್ಕಳು ಆಡ್ತಿರ್ತಾರೆ, ವಯಸ್ಸಾದವರು ಹೊಸ್ತಿಲ ಮೇಲೆ ಕೂತಿರ್ತಾರೆ. ಬೆಲ್ ಹೊಡ್ಕೊಂಡು ಬರೋ ಸೈಕಲ್‌ಗೆ ಅವರು ಕಾಲು ಮಡಚಿ ದಾರಿ ಬಿಡಬೇಕು. ವೆನಿಸ್‌ನ ಹಳೇ ನಗರದಲ್ಲಿ ಸೈಕಲ್ ಓಡಿಸೋ ಹಾಗೇ ಇಲ್ಲ, ನಿಷೇಧ. ನನಗೆ ಅದು ಸರಿ ಅನ್ನಿಸುತ್ತೆ.


ಓಣಿಗುಬ್ಬಿ:

ಮೇಡಂ, ನಿಮ್ಮ ಮಾತಲ್ಲಿ ಅರ್ಧ ನಾನು ಒಪ್ಪಿಯೇ ಒಪ್ತೀನಿ. ಜನ ಹೊಸ್ತಿಲಲ್ಲಿ ಕೂತಿರೋ ಓಣಿಯಲ್ಲಿ ಸೈಕಲ್ ತಳ್ಕೊಂಡು ಹೋಗಬೇಕು, ಬೆಲ್ ಹೊಡೆಯಬಾರದು. ತಳ್ಕೊಂಡು ಹೋಗೋನಿಗೆ ಜನ ತಾವಾಗೇ ಮಾತು ಕೊಡ್ತಾರೆ, "ಪಂಕ್ಚರಾ?" ಅಂತ. ಅಲ್ಲಿಂದಲೇ ಎಷ್ಟೋ ಕಥೆ ಶುರುವಾಗಿದೆ ನನಗೆ. ಆದ್ರೆ ಒಂದು ಓಣಿಯಿಂದ ಇನ್ನೊಂದು ಓಣಿಗೆ, ಎರಡು ಮೂರು ಕಿಲೋಮೀಟರ್ ಸುಮ್ಮನೆ ದೊಡ್ಡ ರಸ್ತೆ ದಾಟಬೇಕಲ್ಲ, ಅಲ್ಲಿ ಸೈಕಲ್ ಬೇಕು. ನಡೆದು ಹೋದಾಗ ನಾನು ಒಂದು ಬಡಾವಣೆ ನೋಡಿ ಸುಸ್ತಾಗಿ ಮನೆಗೆ ಬರ್ತಿದ್ದೆ. ಈಗ ಮೂರು ಹೋಲಿಸಿ ನೋಡ್ತೀನಿ. ಇಲ್ಲಿ ಕಮಾನು ಇಟ್ಟಿಗೆದು, ಅಲ್ಲಿ ಅದೇ ಅಳತೆಯ ಬಾಗಿಲಿಗೆ ಕಲ್ಲಿನ ತೊಲೆ ಯಾಕೆ ಅಂತ ಒಂದೇ ಬೆಳಗ್ಗೆಯಲ್ಲಿ ಪ್ರಶ್ನೆ ಹುಟ್ಟೋದು ಹಾಗೆ.


ಅಗಲಟೈರು:

ಸೈಕಲ್ ಬಗ್ಗೆಯೂ ಸ್ವಲ್ಪ ಹೇಳಲೇಬೇಕು, ಹೊಸಬರು ಓದ್ತಿರ್ತಾರೆ. ಹಳೇ ಓಣಿಗೆ ರೇಸಿಂಗ್ ಸೈಕಲ್‌ನ ತೆಳ್ಳನೆ ಟೈರು ತರಬೇಡಿ. 35-40 ಮಿಲಿಮೀಟರ್ ಅಗಲದ ಟೈರು, ಗಾಳಿ ಸ್ವಲ್ಪ ಕಮ್ಮಿ. ಹಾಸುಗಲ್ಲಿನ ಮೇಲೆ ಗಟ್ಟಿ ಗಾಳಿ ತುಂಬಿದ ಟೈರು ಕುಣಿಯುತ್ತೆ, ಮೆತ್ತಗಿದ್ದರೆ ಕಲ್ಲನ್ನ ಹಿಡ್ಕೊಂಡು ಹೋಗುತ್ತೆ. ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರು ಮಾಡಿದ್ದೇ ಮಗನ ಮೂರು ಚಕ್ರದ ಸೈಕಲ್ ಒರಟು ನೆಲದ ಮೇಲೆ ಗಡಗಡ ಅನ್ನೋದನ್ನ ನೋಡಲಾರದೆ. ನಮ್ಮ ಬೆನ್ನಿಗೂ ಆ ಉಪಕಾರ ತಲುಪಿದೆ.

ಚರಂಡಿ ಮೇಲಿನ ಜಾಲರಿಯ ಸೀಳು ನೀವು ಹೋಗೋ ದಿಕ್ಕಿಗೇ ಇದ್ದರೆ ನೇರ ಹೋಗಬೇಡಿ, ಮುಂದಿನ ಚಕ್ರ ಸಿಕ್ಕಿಕೊಂಡರೆ ಹ್ಯಾಂಡಲ್ ಮೇಲಿಂದ ಬೀಳ್ತೀರಿ. ಅಡ್ಡಕ್ಕೆ ದಾಟಿ ಇಲ್ಲಾ ಇಳಿಯಿರಿ. ಸವೆದ ಕಲ್ಲು ಒದ್ದೆಯಾಗಿದ್ದರೆ ತಿರುವಿನ ಮೊದಲೇ ಬ್ರೇಕ್ ಹಿಡಿದು, ತಿರುಗೋವಾಗ ಬಿಡಬೇಕು. ಹಳೇ ಕಟ್ಟಡ ಕೆಡವಿದ ಜಾಗದ ಹತ್ತಿರ ಮೊಳೆ ಗ್ಯಾರಂಟಿ, ಒಂದು ಟ್ಯೂಬು ಚೀಲದಲ್ಲಿರಲಿ. ನಾಯಿ ಬೊಗಳಿದ್ರೆ ಜೋರಾಗಿ ತುಳೀಬೇಡಿ. ಇಳಿದು, ನಿಮಗೂ ಅದಕ್ಕೂ ನಡುವೆ ಸೈಕಲ್ ಇಟ್ಕೊಂಡು ನಿಧಾನ ನಡೆದುಹೋಗಿ. ಬಹಳ ಸಲ ಅದು ಅಲ್ಲಿಗೇ ಸುಮ್ಮನಾಗುತ್ತೆ.


ಜಂತಿ:

ನಾನು ಒಂದು ತಪ್ಪು ಮಾಡಿದ್ದೀನಿ, ಬೇರೆಯವರು ಮಾಡಬಾರದು ಅಂತ ಬರೀತಿದ್ದೀನಿ. ಯಾರೂ ಇಲ್ಲದ ಎರಡಂತಸ್ತಿನ ಹಳೇ ಮನೆ, ಬಾಗಿಲು ಬರೀ ಒತ್ತರಿಸಿತ್ತು. ಸೈಕಲ್ ಹೊರಗೆ ನಿಲ್ಲಿಸಿ ಒಳಗೆ ಹೋದೆ. ಮೆಟ್ಟಿಲು ಗಟ್ಟಿಯಿತ್ತು. ಮೇಲಿನ ನೆಲದ ಹಲಗೆ ನಡುವೆ ತುಳಿದು ನೋಡಿದೆ, ಕಲ್ಲಿನ ಹಾಗಿತ್ತು. ಕಿಟಕಿ ಹತ್ತಿರ ಬೆಳಕು ಚೆನ್ನಾಗಿದೆ ಅಂತ ಗೋಡೆ ಕಡೆಗೆ ಹೋದೆ ನೋಡಿ, ಬಲಗಾಲು ತೊಡೆಯವರೆಗೆ ಕೆಳಗೆ ಹೋಯ್ತು. ಹಲಗೆಯ ಮುರಿದ ಚೂರು ಕಾಲಿನ ಮಾಂಸ ಸೀಳಿತ್ತು. ಫೋನು ಜೇಬಿನಿಂದ ಜಾರಿ ಕೆಳಗಿನ ಕೋಣೆಗೆ ಬಿದ್ದಿತ್ತು. ಕೂಗಿದ್ರೆ ಕೇಳೋರು ಯಾರೂ ಇಲ್ಲ. ಕೈಯೂರಿ, ಹೊಟ್ಟೆ ಮೇಲೆ ತೆವಳಿ ಮೆಟ್ಟಿಲವರೆಗೆ ಬರೋಕೆ ಅರ್ಧ ಗಂಟೆ ಹಿಡೀತು.


ಗಾರೆಕೈ:

ಜಂತಿ ಅವರೇ, ಓದಿ ಮೈ ಜುಂ ಅಂತು. ಜೀವ ಉಳಿಯಿತಲ್ಲ, ಅಷ್ಟು ಸಾಕು. ಕಾರಣ ಹೇಳ್ತೀನಿ, ಎಲ್ಲರೂ ನೆನಪಿಡಿ. ಮರದ ತೊಲೆ ಮೊದಲು ಕೊಳೆಯೋದು ನಡುವೆ ಅಲ್ಲ, ಗೋಡೆಯೊಳಗೆ ಹುದುಗಿರೋ ತುದಿಯಲ್ಲಿ. ಸೂರಿನಿಂದ ಸೋರಿದ ನೀರು ಗೋಡೆಗೆ ಇಳಿದು, ಆ ತೇವ ತೊಲೆಯ ತುದಿಗೆ ಹೋಗುತ್ತೆ, ಅಲ್ಲಿ ಗಾಳಿ ಆಡಲ್ಲ. ಹೊರಗೆ ಕಾಣೋ ತೊಲೆ ಪೂರ್ತಿ ಗಟ್ಟಿಯಾಗಿ ಕಂಡರೂ ತುದಿ ಪುಡಿಯಾಗಿರಬಹುದು. ಹಾಳುಮನೆ ಒಳಗೆ ಹೋಗಬೇಡಿ. ಅದು ಯಾರದೋ ಸ್ವತ್ತು, ಬಾಗಿಲು ತೆರೆದಿದೆ ಅಂದ ಮಾತ್ರಕ್ಕೆ ಅಪ್ಪಣೆ ಸಿಕ್ಕ ಹಾಗಲ್ಲ. ರಸ್ತೆಯಲ್ಲಿ ನಿಂತೇ ಓದೋಕೆ ಬೇಕಾದಷ್ಟಿದೆ.

ಏನು ಓದಬೇಕು ಅಂತ ಕೇಳ್ತೀರಿ. ನಾನು ಮೊದಲು ನೋಡೋದು ಇಟ್ಟಿಗೆಗಳ ನಡುವಿನ ಸಂದಿ. ಹಳೇ ಗೋಡೆಗೆ ಸುಣ್ಣದ ಗಾರೆ ಇರುತ್ತೆ. ಅದು ಇಟ್ಟಿಗೆಗಿಂತ ಮೆತ್ತಗೆ, ಬೇಕಂತಲೇ ಹಾಗೆ. ಗೋಡೆ ಸ್ವಲ್ಪ ಅಲುಗಾಡಿದ್ರೂ ಗಾರೆ ತಡ್ಕೊಳ್ಳುತ್ತೆ, ಒಳಗಿನ ತೇವ ಗಾರೆಯ ಮೂಲಕ ಹೊರಗೆ ಹೋಗುತ್ತೆ. ಸಣ್ಣ ಬಿರುಕು ಬಿಟ್ಟರೆ ಮಳೆನೀರಿಗೆ ಸುಣ್ಣ ಸ್ವಲ್ಪ ಕರಗಿ, ಬಿರುಕಿನಲ್ಲೇ ಮತ್ತೆ ಗಟ್ಟಿಯಾಗಿ ತಾನೇ ಮುಚ್ಚಿಕೊಳ್ಳೋದೂ ಉಂಟು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಆಗಿದ್ದು 1824ರಲ್ಲಿ. ಆಮೇಲೆ ಬಂದವರು ಗಟ್ಟಿ ಆಗಲಿ ಅಂತ ಹಳೇ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದ್ರು. ಈಗ ತೇವಕ್ಕೆ ಸಂದಿಯಲ್ಲಿ ದಾರಿ ಇಲ್ಲ, ಇಟ್ಟಿಗೆಯ ಮೂಲಕವೇ ಹೊರಡುತ್ತೆ. ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತೆ. ಸಂದಿ ಮಾತ್ರ ಹಾಗೇ ನಿಂತಿರುತ್ತೆ, ಜೇನುಹುಟ್ಟಿನ ಗೋಡೆಗಳ ಹಾಗೆ. ಸೈಕಲ್ ನಿಲ್ಲಿಸಿ ಅಂಥ ಗೋಡೆ ಒಂದ್ಸಲ ಕೈಯಿಂದ ಮುಟ್ಟಿ ನೋಡಿ, ಗಾರೆ ಏನು ಕೆಲಸ ಮಾಡ್ತಿತ್ತು ಅಂತ ತಿಳಿಯುತ್ತೆ.


ನಕ್ಷೆಪ್ರಿಯ:

ಗೋಡೆಯಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿ ಕಂಡರೆ ಅದು ತೆರಿಗೆ ತಪ್ಪಿಸೋಕೆ ಅಂತ ಓದಿದ್ದೆ. ನಿಜವಾ ಗಾರೆಕೈ ಸರ್?


ಗಾರೆಕೈ:

ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿ ಲೆಕ್ಕದ ಮೇಲೆ ತೆರಿಗೆ ಇತ್ತು, ಅದಕ್ಕಾಗಿ ಕಿಟಕಿ ಮುಚ್ಚಿದವರೂ ಇದ್ದರು. ಆ ಕಥೆಯನ್ನ ಎಲ್ಲ ಕಡೆಗೂ ಹಚ್ಚಬಾರದು. ಹೊರಗಿನಿಂದ ಸಾಲು ಸಮವಾಗಿ ಕಾಣಲಿ ಅಂತ ಕಟ್ಟೋವಾಗಲೇ ಹುಸಿ ಕಿಟಕಿ ಬಿಡೋದೂ ಇತ್ತು. ಒಳಗೆ ತುಂಬಿದ ಇಟ್ಟಿಗೆ ಸುತ್ತಲಿನ ಇಟ್ಟಿಗೆಯದೇ ಅಳತೆ, ಅದೇ ಬಣ್ಣ ಇದೆಯಾ ನೋಡಿ. ಬೇರೆ ಇದ್ದರೆ ಆಮೇಲೆ ಮುಚ್ಚಿದ್ದು. ಬಹಳ ಸಲ ಕಾರಣ ಸಾದಾ ಇರುತ್ತೆ, ಮನೆ ಪಾಲಾಯ್ತು, ಅಷ್ಟೇ.


ಜಗಲಿಮನೆ:

ನಾ ಇಂಥಾ ಒಂದು ಓಣ್ಯಾಗ ಹುಟ್ಟಿ ಬೆಳದಾಕಿ. ನೀವೆಲ್ಲಾ ಭಾಳ ಪ್ರೀತಿಯಿಂದ ಬರದೀರಿ, ಖುಷಿ ಆತು. ಆದ್ರ ನಮ್ಮ ಕಡಿಂದಾನೂ ಒಂದು ಮಾತು ಕೇಳ್ರಿ.

ಹೋದ ವರ್ಷ ಯಾರೋ ಒಬ್ರು ನಮ್ಮ ಓಣಿ ಫೋಟೊ ಹಾಕಿ, ಎಲ್ಲಿ ಐತಿ ಅಂತ ನಕ್ಷಾನೂ ಹಾಕಿದ್ರು. ಮುಂದಿನ ಆದಿತ್ಯವಾರ ಇಪ್ಪತ್ತು ಸೈಕಲ್ ಬಂದ್ವು. ನಮ್ಮ ಬಾಗಲಕ್ಕ ಸೈಕಲ್ ಆನಿಸಿ ಇಟ್ಟಿದ್ರು, ನಮ್ಮವ್ವ ಹೊರಗ ಬರಾಕ ಜಾಗ ಇಲ್ಲ. ಒಬ್ಬಾವ ಕಿಡಕಿಯಾಗ ಕ್ಯಾಮೆರಾ ಹಿಡದ. ಒಳಗ ನಮ್ಮಪ್ಪ ಆರಾಮಿಲ್ಲದ ಮಲಗಿದ್ದ. "ಯಾರಾದರೂ ಇರ್ತಾರೇನು ಇಲ್ಲಿ?" ಅಂತ ಕೇಳಿದ ಮಾತು ಒಳಗಿದ್ದ ನಮಗ ಕೇಳಿಸ್ತು. ನಾವು ಅಲ್ಲೇ ಇದ್ವಿ, ಎಪ್ಪತ್ತು ವರ್ಷದಿಂದ ಅದಾ ಮನ್ಯಾಗ.

ಬರಬ್ಯಾಡ್ರಿ ಅಂತ ಅನ್ನೂದಿಲ್ಲ. ಒಬ್ರು ಇಬ್ರು ಬರ್ರಿ, ಮಾತಾಡಸ್ರಿ, ಕೇಳಿ ಫೋಟೊ ತಗೀರಿ. ಯಾರಿಗೂ ಗೊತ್ತಿಲ್ಲದ ಓಣಿ ಅಂತ ಮಾತ್ರ ಬರೀಬ್ಯಾಡ್ರಿ. ನಮಗ ಗೊತ್ತೈತಿ.


ನಡಿಗೆಯವಳು:

ಜಗಲಿಮನೆ ಅಕ್ಕ, ನಿಮ್ಮ ಕೊನೇ ಎರಡು ಸಾಲು ಓದಿ ಸುಮ್ಮನೆ ಕೂತುಬಿಟ್ಟೆ. ನಾನೂ "ಮರೆತುಹೋದ ಓಣಿ" ಅಂತ ಎಷ್ಟು ಸಲ ಬರೆದಿದ್ದೀನೋ. ಅವನ್ನೆಲ್ಲ ತಿದ್ದುತ್ತೀನಿ.


ಓಣಿಗುಬ್ಬಿ:

ಅಕ್ಕ, ಕ್ಷಮಿಸಿ. ನಾನೂ ಎರಡು ಕಡೆ ಜಾಗದ ಗುರುತು ಹಾಕಿದ್ದೆ, ಈಗಷ್ಟೇ ಹೋಗಿ ತೆಗೆದು ಬಂದೆ. ಅಪ್ಪನವರು ಈಗ ಹೇಗಿದ್ದಾರೆ?


ಜಗಲಿಮನೆ:

ಈಗ ಎದ್ದು ಓಡಾಡ್ತಾರ್ರಿ. ಕೇಳಿದ್ರಲ್ಲ, ಅಷ್ಟ ಸಾಕು.


ನಕ್ಷೆಪ್ರಿಯ:

ನನ್ನದೊಂದು ಸಂಕಟ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹಲವು ವರ್ಷದಿಂದ ಓಣಿಗಳನ್ನ ಗುರುತು ಹಾಕ್ತಿದ್ದೀನಿ. 2004ರಲ್ಲಿ ಶುರುವಾದ ನಕ್ಷೆ ಅದು, ಯಾರು ಬೇಕಾದ್ರೂ ಸೇರಿಸಬಹುದು, ತಿದ್ದಬಹುದು. ನಕ್ಷೆಯಲ್ಲಿ ಇಲ್ಲದ ಓಣಿಗೆ ಆಂಬುಲೆನ್ಸ್ ದಾರಿ ಹುಡುಕೋದು ಕಷ್ಟ. ಅಲ್ಲಿಯ ಹೆಸರು ಎಲ್ಲೂ ದಾಖಲಾಗದಿದ್ರೆ ನಾಳೆ ರಸ್ತೆ ಅಗಲ ಮಾಡೋವಾಗ ಅದು ಇತ್ತು ಅನ್ನೋದಕ್ಕೂ ಸಾಕ್ಷಿ ಇರಲ್ಲ. ಹಾಗಂತ ಜಗಲಿಮನೆಯವರ ಮಾತನ್ನ ತಳ್ಳಿಹಾಕೋಕೂ ಮನಸ್ಸು ಬರ್ತಿಲ್ಲ.

ಫ್ರಾನ್ಸಿನ ಲಿಯೋನ್ ನಗರದಲ್ಲಿ ಮನೆಗಳ ಒಳಗಿಂದಲೇ ಹಾದು ಇನ್ನೊಂದು ಬೀದಿಗೆ ಹೋಗೋ ದಾರಿಗಳಿವೆ, ಟ್ರಾಬೂಲ್ ಅಂತಾರೆ. ಅವು ಜನ ವಾಸ ಇರೋ ಕಟ್ಟಡಗಳು. ಕೆಲವು ಕಡೆ ನಿವಾಸಿಗಳೂ ನಗರಾಡಳಿತವೂ ಒಪ್ಪಂದ ಮಾಡ್ಕೊಂಡಿದ್ದಾರೆ. ಹಗಲಲ್ಲಿ ಬಾಗಿಲು ತೆರೆದಿಡೋದು ಇವರ ಪಾಲು, ನಿರ್ವಹಣೆಗೆ ನೆರವಾಗೋದು ಅವರ ಪಾಲು. ಅಲ್ಲಿ ಇರೋರನ್ನ ಕೇಳಿ ಮಾಡಿದ್ದು ಅನ್ನೋದೇ ನನಗೆ ಹಿಡಿಸಿದ ವಿಷಯ.


ಗಾರೆಕೈ:

ದಾಖಲೆ ಬೇಕೇ ಬೇಕು. ಪ್ಯಾರಿಸ್‌ನಲ್ಲಿ 1853ರಿಂದ ಓಸ್ಮಾನ್ ಅನ್ನೋ ಆಡಳಿತಾಧಿಕಾರಿ ಹಳೇ ಬೀದಿಗಳನ್ನ ಕೆಡವಿ ಅಗಲ ರಸ್ತೆ ಮಾಡಿಸಿದ್ರಲ್ಲ, ಕೆಡವೋಕೆ ಗುರುತಾದ ಬೀದಿಗಳನ್ನ 1860ರ ದಶಕದಲ್ಲಿ ನಗರಾಡಳಿತವೇ ಶಾರ್ಲ್ ಮಾರ್ವಿಲ್ ಅವರಿಂದ ಫೋಟೊ ತೆಗೆಸಿತು. ನಾನೂರಕ್ಕೂ ಹೆಚ್ಚು. ಆ ಫೋಟೊಗಳಲ್ಲಿ ಒದ್ದೆ ಹಾಸುಗಲ್ಲು, ನಡುವೆ ಹರಿಯೋ ಚರಂಡಿ, ಅಂಗಡಿ ಫಲಕ ಎಲ್ಲ ಈಗಲೂ ಓದೋ ಹಾಗಿದೆ. ಓಣಿಗಳು ಮಾತ್ರ ಇಲ್ಲ.

ನಾನು ಪಾಲಿಸೋದು ಹೀಗೆ. ಓಣಿಯ ದಾರಿ, ಹೆಸರು ನಕ್ಷೆಗೆ ಹೋಗಲಿ, ಅದು ಸಾರ್ವಜನಿಕ. ಬೀಗ ಹಾಕಿದ ಖಾಲಿ ಮನೆ ಎಲ್ಲಿದೆ ಅಂತ ಯಾವತ್ತೂ ಬರೆಯಲ್ಲ. ಕೆತ್ತನೆಯ ಬಾಗಿಲವಾಡ, ಕಂಬ, ಹಿತ್ತಾಳೆ ಚಿಲಕ ರಾತ್ರೋರಾತ್ರಿ ಕಿತ್ತುಕೊಂಡು ಹೋದದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಬೆಳಗ್ಗೆ ಹೋದ್ರೆ ಗೋಡೆಯಲ್ಲಿ ಬಾಗಿಲಿನಾಕಾರದ ತೂತು. ಜನ ವಾಸ ಇರೋ ಮನೆ ಫೋಟೊ ಅವರ ಅಪ್ಪಣೆ ಇದ್ದರೆ ಮಾತ್ರ, ತೆಗೆದ ಮೇಲೆ ಒಂದು ಪ್ರತಿ ಅವರಿಗೂ ಕೊಡ್ತೀನಿ.


ಅಗಲಟೈರು:

ಸೈಕಲ್ ಗೋಡೆಗೆ ಆನಿಸಬೇಡಿ ಅನ್ನೋದನ್ನೂ ಸೇರಿಸಿ. ಹ್ಯಾಂಡಲ್ ತುದಿ ಹಳೇ ಗಿಲಾವನ್ನ ಕೆರೆಯುತ್ತೆ. ಒಂದು ಸ್ಟ್ಯಾಂಡ್ ಹಾಕಿಸ್ಕೊಳ್ಳಿ, ತೂಕ ಅಂತ ಬಿಡಬೇಡಿ.


ಓಣಿಗುಬ್ಬಿ:

ಗಾರೆಕೈ ಸರ್, ಇವತ್ತು ಬೆಳಗ್ಗೆ ಹೋಗಿದ್ದೆ. ನೀವು ಹೇಳಿದ ಹಾಗೆ ಮೊದಲು ಮೆಟ್ಟಿಲು ನೋಡಿದೆ. ಪಕ್ಕದ ಮನೆಗೆ ಮೂರು ಮೆಟ್ಟಿಲು. ಮೇಲಿನೆರಡು ಒಂದೊಂದು ಗೇಣಿನಷ್ಟು, ಕೆಳಗಿನದು ನಾಲ್ಕು ಬೆರಳು. ಉಳಿದದ್ದು ಟಾರಿನ ಕೆಳಗೆ.

ಆಮೇಲೆ ಹಿಂದಿನ ಓಣಿ. ಎರಡು ಓಣಿ ನಡುವೆ ಒಂದೇ ಮನೆ, ಆದ್ರೂ ಇಲ್ಲಿಂದ ಅಲ್ಲಿಗೆ ದಾರಿ ಇಲ್ಲ. ಹೊರಗೆ ಬಂದು, ದೊಡ್ಡ ರಸ್ತೆ ಹಿಡಿದು, ಎರಡು ತಿರುವು ತಗೊಂಡು ಇನ್ನೊಂದು ತುದಿಯಿಂದ ಒಳಗೆ ಬರಬೇಕು. ಅಲ್ಲಿ ಸೈಕಲ್ ತಳ್ಕೊಂಡೇ ಹೋದೆ. ತಲೆ ಎತ್ತಿ ನೋಡ್ತಾ ಹೋದ್ರೆ ಇದೆ ಸರ್, ಅದೇ ಬಿಲ್ಲೆ, ಅದೇ ಎತ್ತರ! ನಟ್ಟಿಗೆ ಬಟ್ಟೆ ಒಣಹಾಕೋ ಹಗ್ಗದ ಒಂದು ತುದಿ ಕಟ್ಟಿದ್ದಾರೆ. ಮೂರು ವರ್ಷದಿಂದ ಈ ಎರಡೂ ಓಣಿಗೆ ಬೇರೆ ಬೇರೆಯಾಗಿ ಬರ್ತಿದ್ದೆ. ಒಂದೇ ಮನೆಯ ಮುಂದು ಹಿಂದು ಅಂತ ಇವತ್ತೇ ಗೊತ್ತಾಗಿದ್ದು.

ನಾನು ಮೇಲೆ ನೋಡೋದನ್ನ ಕಂಡು ಒಬ್ಬ ಅಜ್ಜಿ ಹೊರಗೆ ಬಂದ್ರು. "ಏನಪ್ಪ ನೋಡ್ತಿದ್ದೀಯ, ಆ ತುಕ್ಕು ಹಿಡಿದ ತಗಡಾ?" ಅಂದ್ರು. ಗೋಡೆಗೆ ಬಣ್ಣ ಹೊಡೆಸ್ತಿದ್ದಾರಂತೆ. ಎಷ್ಟು ಸಲ ಹೊಡೆಸಿದ್ರೂ ತುಕ್ಕಿನ ಗೀರು ಬರುತ್ತೆ, ಅದಕ್ಕೆ ಈ ಸಲ ಮೇಸ್ತ್ರಿಗೆ ಹೇಳಿ ಬಿಲ್ಲೆಯನ್ನೇ ಕತ್ತರಿಸಿ ತೆಗೆಸ್ತೀನಿ ಅಂದ್ರು. ನೀವು ಬರೆದದ್ದನ್ನೆಲ್ಲ ನನಗೆ ತೋಚಿದ ಹಾಗೆ ಹೇಳಿದೆ. ಅವರು ನಂಬಿದ್ರೋ ಇಲ್ವೋ ಗೊತ್ತಾಗಲಿಲ್ಲ. ಏನು ಹೇಳಲಿ ಸರ್ ಅವರಿಗೆ?


ಗಾರೆಕೈ:

ದಯವಿಟ್ಟು ತೆಗೆಸಬೇಡಿ ಅನ್ನಿ. ಗೋಡೆ ಹೊರಗೆ ವಾಲದ ಹಾಗೆ ಹಿಡಿದಿರೋದು ಅದೇ ಇರಬಹುದು, ಒಂದು ತುದಿ ಬಿಟ್ಟರೆ ಇನ್ನೊಂದು ತುದಿಯ ಬಿಲ್ಲೆ ಇದ್ದೂ ಇಲ್ಲದ ಹಾಗೆ. ತುಕ್ಕನ್ನ ತಂತಿ ಬ್ರಷ್‌ನಿಂದ ಉಜ್ಜಿ, ಕಬ್ಬಿಣಕ್ಕೆ ಹಾಕೋ ಪ್ರೈಮರ್ ಹಚ್ಚಿ, ಮೇಲೆ ಬೇಕಾದ ಬಣ್ಣ ಹೊಡೆದರೆ ಗೀರು ಬರೋದು ನಿಲ್ಲುತ್ತೆ. ಬಿಲ್ಲೆಯ ಹಿಂದೆ ನೀರು ಇಳಿಯದ ಹಾಗೆ ಮೇಲಂಚಿನ ಸಂದಿಗೆ ಸುಣ್ಣದ ಗಾರೆ ತುಂಬಲಿ, ಸಿಮೆಂಟ್ ಬೇಡ. ನಟ್ಟನ್ನ ಯಾರೂ ತಿರುಗಿಸಬಾರದು, ಬಿಗಿ ಮಾಡ್ತೀನಿ ಅಂತಲೂ ಬೇಡ. ಸರಳು ಎಂಥ ಸ್ಥಿತಿಯಲ್ಲಿದೆ ಅಂತ ತಿಳಿದವರು ಬಂದು ನೋಡೋವರೆಗೆ ಹಾಗೇ ಇರಲಿ. ಬಟ್ಟೆ ಹಗ್ಗ ಇದ್ದರೆ ಇರಲಿ, ಅದರಿಂದ ಏನೂ ಆಗಲ್ಲ. ಮೇಸ್ತ್ರಿ ಯಾವಾಗ ಬರ್ತಾರಂತೆ?


ಓಣಿಗುಬ್ಬಿ:

ಶನಿವಾರ ಅಂದ್ರು ಸರ್. ನೀವು ಬರೆದದ್ದನ್ನ ದೊಡ್ಡ ಅಕ್ಷರದಲ್ಲಿ ಕಾಗದಕ್ಕೆ ಇಳಿಸ್ತಿದ್ದೀನಿ, ಅಜ್ಜಿ ಓದ್ತಾರೆ. ಮುಂದಿನ ಗೋಡೆಯ ಬಿಲ್ಲೆ ಫೋಟೊನೂ ಪ್ರಿಂಟ್ ಹಾಕಿಸ್ಕೊಂಡು ಹೋಗ್ತೀನಿ, ಅವರು ಆ ಕಡೆ ಓಣಿಗೆ ಹೋಗಿ ಹತ್ತು ವರ್ಷದ ಮೇಲಾಯ್ತಂತೆ. ನಾಳೆ ಬೆಳಗ್ಗೆ ಆರಕ್ಕೆಲ್ಲ ಹೊರಡ್ತೀನಿ.